ವಾರಾಂತ್ಯದಲ್ಲಿ ಮನೆಯಲ್ಲೇ ಕಿಟ್ ಕಾರು ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಕೂತು ಗ್ಯಾರೇಜಿನಲ್ಲಿ ಕಾರು ಕಟ್ಟುತ್ತೇನೆ ಅಂದರೆ ಸಾಕು, ಕನ್ನಡ ಕೂಟದ ಊಟದ ಸಾಲಿನಲ್ಲಿ, ಫೋನಿನಲ್ಲಿ, ಊರಿಂದ ಬರುವ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಲ್ವಾ? ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ. ಕಾನೂನಿನ ವಿಷಯ ಬಂದಲ್ಲೆಲ್ಲ ಅದು ಬ್ರಿಟನ್ನಿನದು. ಅಮೆರಿಕ ಮತ್ತು ನಮ್ಮ ಊರಿನ ಮಾತು ಕೊನೆಗಿದೆ.

## ಶುರು ಮಾಡುವ ಮೊದಲು

ಕಿಟ್ ಕಾರ್ ಅಂದ್ರೆ ಏನ್ರೀ? ದೊಡ್ಡೋರ ಆಟಿಕೆನಾ?

ಆಟಿಕೆ ಅಲ್ಲ. ನಂಬರ್ ಪ್ಲೇಟ್ ಹಾಕಿಕೊಂಡು ರಸ್ತೆಯಲ್ಲಿ ಓಡುವ ನಿಜವಾದ ಕಾರು. ಒಂದು ಕಂಪನಿ ಚಾಸಿ (ಕಾರಿನ ಎಲುಬುಗೂಡು), ಬಾಡಿ, ಚಕ್ರಗಳನ್ನು ಹಿಡಿದಿರುವ ಸಸ್ಪೆನ್ಷನ್ನಿನ ಕೆಲವು ಭಾಗ ಮಾಡಿ ಮಾರುತ್ತದೆ. ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಇಂಜಿನ್ನಿನ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಗೇರು), ಬ್ರೇಕು ಇವನ್ನೆಲ್ಲ ನೀವು ಒಂದು ಹಳೇ ಕಾರಿನಿಂದ ಬಿಚ್ಚಿ ತರುತ್ತೀರಿ. ಆ ಹಳೇ ಕಾರಿಗೆ ಡೋನರ್ ಅನ್ನುತ್ತಾರೆ. ದುಡ್ಡು ಜಾಸ್ತಿ ಕೊಟ್ಟರೆ ಇಂಜಿನ್ನಿನಿಂದ ಹಿಡಿದು ಎಲ್ಲವೂ ಹೊಸದೇ ಇರುವ ಪೂರ್ತಿ ಕಿಟ್ ಬರುತ್ತದೆ. ಇನ್ನು ಕೆಲವರು ಕಿಟ್ಟೇ ತಗೊಳ್ಳದೆ, ಕಬ್ಬಿಣದ ಚೌಕ ಪೈಪ್ ತಂದು ಚಾಸಿಯನ್ನೂ ತಾವೇ ವೆಲ್ಡ್ ಮಾಡುತ್ತಾರೆ. ಆ ಜಾತಿಯ ಕಾರಿಗೆ ಇಲ್ಲಿ ಲೋಕಾಸ್ಟ್ ಅಂತ ಹೆಸರು.

ಈ ಹುಚ್ಚು ಬ್ರಿಟನ್ನಲ್ಲೇ ಯಾಕೆ ಇಷ್ಟು ಜಾಸ್ತಿ?

ತೆರಿಗೆ ಉಳಿಸೋಕೆ! ಹಿಂದೆ ಇಲ್ಲಿ ಪೂರ್ತಿ ತಯಾರಾದ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು, ಬಿಡಿಭಾಗವಾಗಿ ಕೊಂಡರೆ ಅದು ತಪ್ಪುತ್ತಿತ್ತು. ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಲೋಟಸ್ ಸೆವೆನ್ ತಂದಾಗ ಇದೇ ಸಂದನ್ನು ಬಳಸಿತು. ಜೋಡಿಸುವ ವಿಧಾನವನ್ನು ಜೊತೆಗೆ ಕೊಟ್ಟರೆ ತೆರಿಗೆಯವರು ಬಿಡುವುದಿಲ್ಲ ಅಂತ, ಬಿಚ್ಚುವ ವಿಧಾನ ಬರೆದುಕೊಟ್ಟರು, ಕೊಂಡವರು ಅದನ್ನು ಕೆಳಗಿಂದ ಮೇಲಕ್ಕೆ ಓದಿಕೊಂಡರು ಅನ್ನುವ ಕತೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. 1973ರಲ್ಲಿ ವ್ಯಾಟ್ ಬಂತು, ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಬಂತು. ತೆರಿಗೆ ಉಳಿತಾಯ ಹೋದರೂ ಚಟ ಹೋಗಲಿಲ್ಲ. ಇವತ್ತಿಗೂ ಕೇಟರ್‌ಹ್ಯಾಮ್ ತನ್ನ ಕಾರನ್ನು ಪೆಟ್ಟಿಗೆಗಳಲ್ಲಿ ಕಳಿಸುತ್ತದೆ. ಚಿಕ್ಕ ಮಾಡೆಲ್‌ಗಳಲ್ಲಿ ಇರುವುದು ಸುಝುಕಿಯ 660 ಸಿ.ಸಿ. ಟರ್ಬೊ ಇಂಜಿನ್ ಅಂದರೆ ನಮ್ಮೋರು ನಂಬುವುದೇ ಇಲ್ಲ.

ನಂಗೆ ಸ್ಪ್ಯಾನರ್ ಹಿಡಿಯೋಕೂ ಬರಲ್ಲ. ಆಗುತ್ತಾ?

ಆಗುತ್ತದೆ. ಸ್ಪ್ಯಾನರ್ ಹಿಡಿಯುವುದು ಕೆಲವು ವಾರದಲ್ಲಿ ಬರುತ್ತದೆ. ಬೇಕಾಗಿರುವುದು ಬೇರೆ: ಬಿಚ್ಚಿದ ಪ್ರತಿ ಬೋಲ್ಟನ್ನೂ ಕವರಿಗೆ ಹಾಕಿ ಮೇಲೆ ಹೆಸರು ಬರೆಯುವ ಅಭ್ಯಾಸ, ಬಿಚ್ಚುವ ಮೊದಲು ಫೋಟೊ ತೆಗೆಯುವ ಅಭ್ಯಾಸ, ರಸೀದಿ ಎಸೆಯದ ಅಭ್ಯಾಸ. ಇದಿಲ್ಲದ ಒಳ್ಳೇ ಮೆಕ್ಯಾನಿಕ್‌ಗಿಂತ ಇದಿರುವ ಅಕೌಂಟೆಂಟ್ ಬೇಗ ಕಾರು ಮುಗಿಸುತ್ತಾನೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾರು ಕಟ್ಟುವುದು ಅರ್ಧ ಕೆಲಸ, ಅದನ್ನು ಸರ್ಕಾರ ಒಪ್ಪುವ ಹಾಗೆ ಕಟ್ಟುವುದು ಇನ್ನರ್ಧ.

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿಗಿಂತ ಅಗ್ಗ ಆಗುತ್ತಾ?

ಇಲ್ಲ. ಹಳೇ ಡೋನರ್ ಹಾಕಿ, ಕಾರಿನ ಮೈಗೆ ಬಣ್ಣ ಹೊಡೆಸದೆ ಜೆಲ್‌ಕೋಟ್ (ಫೈಬರ್ ಅಚ್ಚಿನಲ್ಲೇ ಬರುವ ಮೇಲ್ಪದರ) ಬಣ್ಣದಲ್ಲೇ ಬಿಟ್ಟರೆ ಕೆಲವು ಸಾವಿರ ಪೌಂಡ್‌ನಲ್ಲಿ ಮುಗಿಯಬಹುದು. ಹೊಸ ಭಾಗಗಳ ಕೇಟರ್‌ಹ್ಯಾಮ್ ಕಿಟ್ಟಿನ ದುಡ್ಡಿಗೆ ಒಂದು ಹೊಸ ಫ್ಯಾಮಿಲಿ ಕಾರೇ ಬರುತ್ತದೆ. ಕಿಟ್ಟಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಟೈರು, ಬಣ್ಣ, ರೇಡಿಯೇಟರ್, ಹೋಸ್, ಬುಷ್, ಪೆಟ್ಟಿಗೆಗಟ್ಟಲೆ ನಟ್ಟು ಬೋಲ್ಟು, ಪರೀಕ್ಷೆ ಶುಲ್ಕ, ಇಂಜಿನ್ ಎತ್ತುವ ಕ್ರೇನ್, ಎಲ್ಲ ಸೇರಿಸಿ. ಬ್ರೋಷರಿನಲ್ಲಿ ಬರೆದ ಬೆಲೆಗೆ 20 ಪರ್ಸೆಂಟ್ ವ್ಯಾಟ್ ಸೇರಿದೆಯೋ ಇಲ್ಲವೋ ಅಂತ ಮೊದಲು ಕೇಳಿ.

ನಮ್ಮ ಯಜಮಾನ್ರು ಪ್ರತಿ ಶನಿವಾರ ಗ್ಯಾರೇಜ್ ಸೇರ್ಕೋತಾರೆ. ಇದು ಯಾವಾಗ ಮುಗಿಯುತ್ತೆ?

ಅಕ್ಕ, ಯಾವ ಕಿಟ್ ಅನ್ನುವುದರ ಮೇಲೆ ಹೋಗುತ್ತದೆ. ಎಲ್ಲ ಹೊಸ ಭಾಗ ಇರುವ ಪೂರ್ತಿ ಕಿಟ್ಟಾದರೆ ನೂರರ ಆಸುಪಾಸು ಗಂಟೆ, ಅಂದರೆ ಒಂದು ಚಳಿಗಾಲದ ವಾರಾಂತ್ಯಗಳು. ಡೋನರ್ ಬಿಚ್ಚಿ, ತೊಳೆದು, ತುಕ್ಕು ಕೆರೆದು ಹಾಕುವುದಾದರೆ ಒಂದೆರಡು ವರ್ಷ. ಚಾಸಿಯಿಂದ ಶುರುವಾಗಿದ್ದರೆ ನಾನೇನೂ ಹೇಳಲಾರೆ. ಒಂದು ಉಪಾಯ ಇದೆ. ಶನಿವಾರ ಪೂರ್ತಿ ಬಿಟ್ಟುಕೊಡುವ ಬದಲು ವಾರದಲ್ಲಿ ಎರಡು ದಿನ ಸಂಜೆ ಒಂದೊಂದು ಗಂಟೆ ಬಿಡಿ. ಬೇಕಾದ ಭಾಗ ಇಲ್ಲ ಅಂತ ಶನಿವಾರ ಮಧ್ಯಾಹ್ನ ಗೊತ್ತಾದರೆ ವಾರಾಂತ್ಯವೇ ಹೋಯಿತು. ಬುಧವಾರ ಗೊತ್ತಾದರೆ ಶುಕ್ರವಾರದೊಳಗೆ ಕೊರಿಯರ್‌ನಲ್ಲಿ ಬಂದಿರುತ್ತದೆ.

## ಆಯ್ಕೆ

ಕೋಬ್ರಾ ಕಟ್ಟಬೇಕು ಅಂತ ಆಸೆ. ಮೊದಲ ಕಾರಿಗೆ ಅದೇ ತಗೊಳ್ಳಲಾ?

ಕೋಬ್ರಾ ಅಂದರೆ 1960ರ ದಶಕದ ಒಂದು ಸ್ಪೋರ್ಟ್ಸ್ ಕಾರು, ಕಿಟ್ಟಿನಲ್ಲಿ ಬರುವುದು ಅದರ ನಕಲು. ನೋಡೋಕೆ ಬಹಳ ಚಂದ, ನಿಜ. ಆದರೆ ಮೊದಲ ಸಲಕ್ಕೆ ನಾನು ಬೇಡ ಅನ್ನುತ್ತೇನೆ. ಅದರ ಉಬ್ಬು ತಗ್ಗಿನ ಫೈಬರ್ ಬಾಡಿಗೆ ಬಾಗಿಲು, ಬಾನೆಟ್ ಕೂರಿಸಿ ಸಂದು ಸಮ ಮಾಡಿ ಬಣ್ಣ ಹೊಡೆಸುವಷ್ಟರಲ್ಲಿ ಇನ್ನೊಂದು ಕಿಟ್ಟಿನ ದುಡ್ಡು ಹೋಗುತ್ತದೆ. ಸೆವೆನ್ ಮಾದರಿಯಲ್ಲಿ ಬಾಗಿಲೇ ಇಲ್ಲ! ಚಕ್ರದ ಮೇಲಿನ ವಿಂಗು, ಮೂತಿ ಮಾತ್ರ ಫೈಬರ್, ಉಳಿದದ್ದು ಚಪ್ಪಟೆ ಅಲ್ಯುಮಿನಿಯಂ. ತೂಕ ಸುಮಾರು 500ರಿಂದ 650 ಕೆಜಿ, ಹಾಗಾಗಿ ಸಾಮಾನ್ಯ 1.6 ಅಥವಾ 1.8 ಲೀಟರ್ ಇಂಜಿನ್ನೇ ಬೆನ್ನು ಸೀಟಿಗೆ ಒತ್ತುವಷ್ಟು ಎಳೆಯುತ್ತದೆ.

ಡೋನರ್ ಅಂದ್ರೆ ಎಲ್ರೂ ಮಾಝ್ದಾ ಎಂಎಕ್ಸ್-5 ಅಂತಾರಲ್ಲ, ಯಾಕೆ?

ಹಿಂದೆ ಎಲ್ಲರೂ ಫೋರ್ಡ್ ಸಿಯೆರಾ ಅನ್ನುತ್ತಿದ್ದರು. ಈಗ ಅದು ಸಿಗುವುದೇ ಅಪರೂಪ. ಹಳೇ ಎಂಎಕ್ಸ್-5 ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಅದರಲ್ಲಿ ಇಂಜಿನ್ ಮುಂದೆ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರ ತಳ್ಳುತ್ತದೆ, ನಾಲ್ಕೂ ಮೂಲೆಗೆ ಡಬಲ್ ವಿಷ್‌ಬೋನ್ (ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ) ಸಸ್ಪೆನ್ಷನ್ ಇದೆ. ಸೆವೆನ್ ಮಾದರಿಗೆ ಬೇಕಾಗಿರುವುದು ಇಷ್ಟೇ. ಇನ್ನೊಂದು ಲಾಭ, ಹಳೇ ಎಂಎಕ್ಸ್-5ಗಳ ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದು ತೂತಾಗಿ ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ಫೇಲಾಗುತ್ತವೆ. ಇಂಜಿನ್ ಮಾತ್ರ ಗಟ್ಟಿಮುಟ್ಟು. ಅಂಥ ಕಾರು ಅಗ್ಗಕ್ಕೆ ಬರುತ್ತದೆ, ಆ ಬಾಡಿ ನಮಗೆ ಹೇಗೂ ಬೇಡ.

ಎಕ್ಸೊಸೆಟ್ ಅನ್ನುವ ಕಿಟ್ ಇದನ್ನು ಇನ್ನೂ ಸುಲಭ ಮಾಡಿದೆ. ಎಂಎಕ್ಸ್-5ನ ಗೇರ್‌ಬಾಕ್ಸನ್ನೂ ಡಿಫರೆನ್ಷಿಯಲ್ಲನ್ನೂ ಒಂದು ಉದ್ದನೆಯ ಅಲ್ಯುಮಿನಿಯಂ ತೊಲೆ ಜೋಡಿಸಿರುತ್ತದೆ. ಹಾಗಾಗಿ ಬಾಡಿಯನ್ನು ಮೇಲಕ್ಕೆ ಎತ್ತಿದರೆ ಇಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಎಲ್ಲವೂ ಒಂದೇ ತುಂಡಾಗಿ ನೆಲದ ಮೇಲೆ ಉಳಿಯುತ್ತದೆ. ಅದರ ಮೇಲೆ ಹೊಸ ಚಾಸಿ ಇಳಿಸುವುದು. ಯಾವುದನ್ನೇ ತಗೊಳ್ಳಿ, ಡೋನರನ್ನು ಬಿಡಿಬಿಡಿಯಾಗಿ ಕೊಳ್ಳಬೇಡಿ. ಲಾಗ್‌ಬುಕ್ (ನಮ್ಮ ಊರಿನ ಆರ್‌ಸಿ ತರಹದ ನೋಂದಣಿ ಕಾಗದ) ಸಮೇತ ಇಡೀ ಕಾರು ತಗೊಳ್ಳಿ, ಬಿಚ್ಚುವ ಮೊದಲು ಓಡಿಸಿ ನೋಡಿ.

ಯಾರೋ ಅರ್ಧ ಕಟ್ಟಿ ಕೈಬಿಟ್ಟ ಕಿಟ್ ಮಾರ್ತಿದ್ದಾರೆ. ಬೆಲೆ ಬಹಳ ಕಡಿಮೆ ಇದೆ.

ಕಾರನ್ನು ನೋಡುವ ಮೊದಲು ಫೈಲ್ ನೋಡಿ. ಕಿಟ್ಟಿನ ಇನ್‌ವಾಯ್ಸ್, ಚಾಸಿ ನಂಬರ್, ಡೋನರಿನ ಲಾಗ್‌ಬುಕ್, ಇಂಜಿನ್ ಯಾವ ವರ್ಷದ್ದು ಅನ್ನುವ ಪುರಾವೆ ಇದ್ದರೆ ಮಾತಾಡಿ. ಇಲ್ಲದಿದ್ದರೆ ಆ ಬೆಲೆಯೂ ಜಾಸ್ತಿಯೇ. ಕಾಗದ ಇದ್ದರೂ, ಹಿಂದಿನವರು ಕಟ್ಟಿದ್ದನ್ನು ಅರ್ಧಕ್ಕರ್ಧ ಬಿಚ್ಚಿ ನೋಡಬೇಕಾಗುತ್ತದೆ ಅಂತಲೇ ಲೆಕ್ಕ ಹಾಕಿ.

## ಗ್ಯಾರೇಜಿನೊಳಗೆ

ನಮ್ಮದು ಸಿಂಗಲ್ ಗ್ಯಾರೇಜ್. ಸಾಲುತ್ತಾ?

ಸೆವೆನ್ ಮಾದರಿಗೆ ಸಾಲುತ್ತದೆ. ಅದರ ಅಗಲ ಸುಮಾರು 1.6 ಮೀಟರ್, ಉದ್ದ 3.1 ಮೀಟರ್. ತೊಂದರೆ ಕೊಡುವುದು ಕಾರಲ್ಲ, ಬಿಚ್ಚಿಟ್ಟ ಡೋನರ್. ಅದರ ಸೀಟು, ಬಾಗಿಲು, ಬಂಪರ್ ಎಲ್ಲ ಎಲ್ಲಿಡುತ್ತೀರಿ? ಬೇಡದ್ದನ್ನು ಕೂಡಲೇ ಮಾರಿ. ಬಹಳ ಜನ ಡೋನರಿಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ಹಾಗೇ ವಾಪಸ್ ಪಡೆಯುತ್ತಾರೆ.

ಯಾವ ಯಾವ ಟೂಲ್ ತಗೋಬೇಕು? ಪಟ್ಟಿ ಕೊಡಿ.

ಉದ್ದ ಪಟ್ಟಿ ಕೊಡುವುದಿಲ್ಲ, ಸುಮ್ನೆ ದುಡ್ಡು ದಂಡ. ಒಳ್ಳೇ ಸಾಕೆಟ್ ಸೆಟ್ಟು, ಸ್ಪ್ಯಾನರ್ ಸೆಟ್ಟು, ಒಂದು ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್), ಡ್ರಿಲ್, ರಿವೆಟ್ ಗನ್, ಮಲ್ಟಿಮೀಟರ್, ಟ್ರಾಲಿ ಜಾಕ್, ನಾಲ್ಕು ಆಕ್ಸಲ್ ಸ್ಟ್ಯಾಂಡು. ಇಂಜಿನ್ ಕ್ರೇನ್ ಎರಡೇ ಸಲ ಬೇಕಾಗುವುದು, ಬಾಡಿಗೆಗೆ ತನ್ನಿ. ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ, ಸ್ಟ್ಯಾಂಡ್ ಕೊಟ್ಟೇ ನುಗ್ಗಿ. ಟಾರ್ಕ್ ರೆಂಚ್ ಯಾಕೆ ಅನ್ನುವವರಿಗೆ: ಎಂಎಕ್ಸ್-5ನ ಚಕ್ರದ ನಟ್ಟಿಗೆ 88ರಿಂದ 118 ನ್ಯೂಟನ್ ಮೀಟರ್ ಅಂತ ಇದೆ. ಅದು ಕೈ ಅಂದಾಜಿಗೆ ಸಿಗುವ ಲೆಕ್ಕ ಅಲ್ಲ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿನ ಮೇಲೆ ಹಾಯುವಂತೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಬಿಗಿ ಮಾಡಿದ್ದು ಯಾವುದು, ಬಿಟ್ಟಿದ್ದು ಯಾವುದು ಅಂತ ಮುಂದಿನ ಶನಿವಾರ ತಲೆ ಕೆರೆಯಬೇಕಿಲ್ಲ. ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಅಂತ ಅರ್ಥ.

ಮೊದಲು ಏನು ಹಾಕೋದು, ಆಮೇಲೆ ಏನು? ಮ್ಯಾನುಯಲ್ ಓದಿದ್ರೂ ಗೊಂದಲ.

ಸಾಮಾನ್ಯವಾಗಿ ಮುಂದಿನ ಸಸ್ಪೆನ್ಷನ್, ಸ್ಟಿಯರಿಂಗ್ ರ‍್ಯಾಕ್, ಡಿಫರೆನ್ಷಿಯಲ್, ಹಿಂದಿನ ಸಸ್ಪೆನ್ಷನ್, ಆಮೇಲೆ ಬ್ರೇಕ್ ಮತ್ತು ಪೆಟ್ರೋಲ್ ಪೈಪು, ಅದಾದ ಮೇಲೆ ಇಂಜಿನ್. ಇಂಜಿನ್ ಕೂತ ಮೇಲೆ ಎರಡು ಸೀಟಿನ ನಡುವೆ ಹಾಯುವ ಟನೆಲ್ ಒಳಗೆ ಕೈ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಹಾಯುವ ಪೈಪು, ವೈರು ಎಲ್ಲ ಮೊದಲೇ ಮುಗಿದಿರಬೇಕು. ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೋಡಿಸಿಕೊಂಡೇ ಇಳಿಸಿ. ಹಿಂಭಾಗ ಚೆನ್ನಾಗಿ ಕೆಳಕ್ಕೆ ಬಾಗಿರಬೇಕು, ಚಾಸಿಯ ಪೈಪುಗಳಿಗೆ ರಟ್ಟು ಸುತ್ತಿರಬೇಕು, ಜೊತೆಗೆ ಒಬ್ಬರು ಇರಲೇಬೇಕು.

ಮ್ಯಾನುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಒಂದು ಮಾತು: ಸಸ್ಪೆನ್ಷನ್ ತೋಳುಗಳ ಕೀಲಿಗೆ ರಬ್ಬರ್ ಬುಷ್ (ಬೋಲ್ಟಿನ ಸುತ್ತ ಕೂರುವ ತೋಳು) ಇದ್ದರೆ, ಕಾರು ಸ್ಟ್ಯಾಂಡ್ ಮೇಲೆ ನೇತಾಡುತ್ತಿರುವಾಗ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಆ ರಬ್ಬರ್ ಬಿಗಿದ ಜಾಗದಲ್ಲೇ ಕಚ್ಚಿಕೊಂಡು ತಿರುಚುತ್ತದೆ. ಕಾರು ನೆಲಕ್ಕೆ ಇಳಿದಾಗ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರದ ಮೇಲೆ ತೂಕ ಬಿದ್ದ ಮೇಲೆ ಕೊನೆಯ ಬಿಗಿ.

ಪ್ಯಾನಲ್ ರಿವೆಟ್ ಮಾಡುವಾಗ ಅಲ್ಯುಮಿನಿಯಂ ಬರಿಗಬ್ಬಿಣಕ್ಕೆ ತಾಗಬಾರದು, ನೀರು ಸೇರಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಹೋಗುತ್ತದೆ. ಕಬ್ಬಿಣಕ್ಕೆ ಬಣ್ಣ, ನಡುವೆ ಪಾಲಿಯುರೆಥೇನ್ ಸೀಲಂಟ್, ಆಮೇಲೆ ರಿವೆಟ್.

ಬ್ರೇಕ್ ನಾನೇ ಮಾಡ್ಕೋಬಹುದಾ? ಭಯ ಆಗುತ್ತೆ.

ಭಯ ಇರುವುದು ಒಳ್ಳೆಯದೇ. ಆದರೆ ಕೆಲಸ ಕಷ್ಟದ್ದಲ್ಲ, ನಿಧಾನದ್ದು. ತಾಮ್ರ ನಿಕ್ಕಲ್ ಮಿಶ್ರದ 4.75 ಮಿ.ಮೀ. ಪೈಪು ತನ್ನಿ, ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ. ಪೈಪ್ ಕಟರಿನಲ್ಲಿ ಕತ್ತರಿಸಿ, ಒಳಗಿನ ಚೂಪು ಅಂಚನ್ನು ಕೆರೆದು ತೆಗೆಯಿರಿ. ಆಮೇಲೆ ನಟ್ಟನ್ನು ಪೈಪಿಗೆ ತೂರಿಸಿ, ಅದಾದ ಮೇಲೆಯೇ ತುದಿಯನ್ನು ಫ್ಲೇರ್ ಮಾಡಿ, ಅಂದರೆ ಉಪಕರಣದಲ್ಲಿ ಒತ್ತಿ ಅಗಲಿಸಿ. ನಟ್ಟು ತೂರಿಸದೆ ಚಂದದ ಫ್ಲೇರ್ ಮಾಡಿ ಹಣೆ ಚಚ್ಚಿಕೊಳ್ಳದವರು ಈ ಹವ್ಯಾಸದಲ್ಲಿ ಯಾರೂ ಇಲ್ಲ. ಫ್ಲೇರ್ ಒಂದೇ ಆಕಾರದಲ್ಲಿ ಬರುವುದಿಲ್ಲ. ಒಂದು ಜಾತಿ ಒಳಕ್ಕೆ ಮಡಚಿದ್ದು, ಇನ್ನೊಂದು ಗುಳ್ಳೆಯ ಹಾಗೆ ಉಬ್ಬಿದ್ದು. ಎದುರಿನ ತೂತು ಯಾವುದನ್ನು ಕೇಳುತ್ತದೋ ಅದನ್ನೇ ಮಾಡಬೇಕು. ಹೊಂದದ್ದನ್ನು ಬಿಗಿದರೆ ಮೊದಲು ಸೋರದೆ ಇದ್ದು ಆಮೇಲೆ ಸೋರುತ್ತದೆ. ಬೇಡದ ತುಂಡುಗಳ ಮೇಲೆ ಹತ್ತಾರು ಸಲ ಅಭ್ಯಾಸ ಮಾಡಿ. ಮಾಡಿದ ಪ್ರತಿ ತುದಿಯನ್ನೂ ಬೆಳಕಿಗೆ ಹಿಡಿದು ನೋಡಿ, ಬಿರುಕು ಇದ್ದರೆ, ವಾರೆ ಇದ್ದರೆ ಕತ್ತರಿಸಿ ಬಿಸಾಡಿ.

ಹೊಸ ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ತುಂಬಿ, ಗಾಳಿ ತೆಗೆಯಿರಿ. ಆಮೇಲೆ ಮನೆಯವರೊಬ್ಬರನ್ನು ಕೂರಿಸಿ ಪೆಡಲ್ ಬಲವಾಗಿ ಒತ್ತಿ ಹಿಡಿಯಲು ಹೇಳಿ, ನೀವು ಒಂದೊಂದು ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿ ನೋಡಿ. ಸಣ್ಣ ಸೋರಿಕೆಯೂ ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಆ ಎಣ್ಣೆ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರಲ್ಲಿ ತೊಳೆಯಿರಿ. ಎಲ್ಲ ಮುಗಿದ ಮೇಲೆ ದುಡ್ಡು ಕೊಟ್ಟಾದರೂ ಗೊತ್ತಿರುವವರ ಹತ್ತಿರ ಒಮ್ಮೆ ತೋರಿಸಿ.

ವೈರಿಂಗ್ ನೋಡಿದ್ರೆ ತಲೆ ತಿರುಗುತ್ತೆ.

ಡೋನರಿನಿಂದ ತೆಗೆದ ವೈರಿಂಗ್ ನೆಲದ ಮೇಲೆ ಶಾವಿಗೆ ಒತ್ತಿ ಸುರಿದ ಹಾಗೆ ಕಾಣುತ್ತದೆ, ಹೆದರಬೇಡಿ. ಅದರಲ್ಲಿ ಪವರ್ ವಿಂಡೊ, ರೇಡಿಯೊ, ಏರ್‌ಬ್ಯಾಗ್ ಇತ್ಯಾದಿ ನಿಮಗೆ ಬೇಡದ್ದೇ ಬಹಳ. ಬಿಚ್ಚುವ ಮೊದಲೇ ಪ್ರತಿ ಕನೆಕ್ಟರಿಗೂ ಚೀಟಿ ಅಂಟಿಸಿ. ಬೇಡದ್ದನ್ನು ಒಂದೊಂದಾಗಿ ತೆಗೆಯುತ್ತ, ಪ್ರತಿ ಸಲ ಇಂಜಿನ್ ಸ್ಟಾರ್ಟ್ ಆಗುತ್ತದೆಯೇ ನೋಡಿ. ಒಟ್ಟಿಗೆ ಹತ್ತು ವೈರ್ ಕತ್ತರಿಸಿದರೆ ಯಾವುದು ತಪ್ಪು ಅಂತ ಹುಡುಕಲಾಗುವುದಿಲ್ಲ. ಫೈಬರ್ ಬಾಡಿಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಪ್ರತಿ ದೀಪಕ್ಕೂ ಬೇರೆ ಅರ್ಥಿಂಗ್ ವೈರ್ ಬೇಕು. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿನುಗುತ್ತಿದ್ದರೆ ಮೊದಲು ಅರ್ಥಿಂಗ್ ನೋಡಿ.

ಚಾಸಿನೂ ನಾನೇ ವೆಲ್ಡ್ ಮಾಡ್ಲಾ?

ಲೋಕಾಸ್ಟ್ ಚಾಸಿಗೆ ಬೇಕಾಗುವುದು 25 ಮಿ.ಮೀ. ಚೌಕ, 1.6 ಮಿ.ಮೀ. ದಪ್ಪದ ಸಾಧಾರಣ ಉಕ್ಕಿನ ಪೈಪು. ಮಿಗ್ ವೆಲ್ಡರ್ ಸಾಕು. ಮೊದಲು ಸಂಜೆ ತರಗತಿಗೆ ಸೇರಿ ಕಲಿಯಿರಿ, ವೆಲ್ಡ್ ಮಾಡಿದ ತುಂಡನ್ನು ಗರಗಸದಲ್ಲಿ ಕೊಯ್ದು ಒಳಗೆ ಕರಗಿ ಸೇರಿದೆಯೇ ನೋಡಿ. ಮೇಲೆ ಚಂದ ಕಾಣುವ ವೆಲ್ಡ್ ಒಳಗೆ ಅಂಟಿಯೇ ಇರುವುದಿಲ್ಲ, ಎಷ್ಟೋ ಸಲ. ಚೌಕಟ್ಟನ್ನು ಸಮತಟ್ಟಾದ ಹಲಗೆಯ ಮೇಲೆ ಮೊದಲು ಚುಕ್ಕಿ ವೆಲ್ಡಿನಲ್ಲಿ ಹಿಡಿಸಿ, ಮೂಲೆಯಿಂದ ಮೂಲೆಗೆ ಅಳೆದು, ಎದುರುಬದುರು ಮೂಲೆಗಳನ್ನು ಬದಲಾಯಿಸುತ್ತ ವೆಲ್ಡ್ ಮಾಡಬೇಕು. ಒಂದೇ ಕಡೆಯಿಂದ ಹೊರಟರೆ ಬಿಸಿಗೆ ಚೌಕಟ್ಟು ಬಾಗುತ್ತದೆ. ನನ್ನನ್ನು ಕೇಳಿದರೆ, ಮೊದಲ ಕಾರಿಗೆ ಚಾಸಿ ಕೊಳ್ಳಿ.

ಇಲ್ಲಿನ ಚಳಿಯಲ್ಲಿ ಕೆಲಸ ನಿಲ್ಲಿಸಬೇಕಾ?

ಬಣ್ಣ, ರಾಳ, ಅಂಟು ಇವನ್ನು ಮಾತ್ರ ನಿಲ್ಲಿಸಿ, ಚಳಿಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ವೈರಿಂಗ್‌ನಂಥದ್ದನ್ನು ಮನೆಯೊಳಗೆ ತನ್ನಿ, ಅನುಮತಿ ಸಿಕ್ಕರೆ.

## ಪರೀಕ್ಷೆ, ನಂಬರು, ರಸ್ತೆ

ಐವಿಎ ಟೆಸ್ಟ್ ಅಂದ್ರೆ ಏನು? ಎಲ್ರೂ ಫೇಲಾಗೋದು ಎಲ್ಲಿ?

ಒಂದೊಂದಾಗಿ ಕಟ್ಟಿದ ಕಾರು ರಸ್ತೆಗೆ ಯೋಗ್ಯವೇ ಅಂತ ಡಿವಿಎಸ್‌ಎ ಅನ್ನುವ ಸರ್ಕಾರಿ ವಾಹನ ತಪಾಸಣಾ ಸಂಸ್ಥೆಯ ಇನ್ಸ್‌ಪೆಕ್ಟರ್ ಮಾಡುವ ಪರೀಕ್ಷೆ. ಮೊದಲು ಎಸ್‌ವಿಎ ಅಂತ ಇತ್ತು, 2009ರಿಂದ ಐವಿಎ. ಇಂಜಿನ್ ಶಕ್ತಿ ಎಷ್ಟು ಅಂತ ಅವರು ಕೇಳುವುದಿಲ್ಲ. ಅವರು ನೋಡುವುದು ಚೂಪು ಅಂಚು. 100 ಮಿ.ಮೀ. ವ್ಯಾಸದ ಗೋಳವೊಂದನ್ನು ಕಾರಿನ ಹೊರಮೈ ಮೇಲೆ ಉರುಳಿಸಿದರೆ ಅದು ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಅಂಚು ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗೆ ಇರಬೇಕು. ಸೆವೆನ್ ಮಾದರಿಯ ಮುಂದಿನ ಸಸ್ಪೆನ್ಷನ್ ಬಯಲಲ್ಲೇ ಇರುತ್ತದಲ್ಲ, ಅದರ ಒಂದೊಂದು ನಟ್ಟಿಗೂ ಪ್ಲಾಸ್ಟಿಕ್ ಟೋಪಿ ಹಾಕುವುದು ಇದಕ್ಕೇ.

ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಬಾರದು. ಸ್ಟಿಯರಿಂಗ್ ಬಿಟ್ಟರೆ ತಾನೇ ನೇರಕ್ಕೆ ಬರಬೇಕು. ಹಗುರ ಕಾರುಗಳು ಎಡವುವುದು ಇಲ್ಲೇ, ಕ್ಯಾಸ್ಟರ್ ಕೋನ (ಮುಂದಿನ ಚಕ್ರ ತಿರುಗುವ ಅಕ್ಷದ ಹಿಂದಕ್ಕಿರುವ ವಾಲು) ಜಾಸ್ತಿ ಮಾಡಿದರೆ ಬಹಳ ಸಲ ಸರಿಹೋಗುತ್ತದೆ. ಸೈಲೆನ್ಸರ್ ಹತ್ತಿರ ಅಳೆದ ಸದ್ದು 99 ಡೆಸಿಬೆಲ್ ದಾಟಬಾರದು. ಸ್ಪೀಡೊಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ನಿಯಮದ ಕೈಪಿಡಿ ಪುಕ್ಕಟೆ ಸಿಗುತ್ತದೆ. ಕಾರು ಮುಗಿದ ಮೇಲೆ ಓದುವುದಲ್ಲ, ಸ್ವಿಚ್ಚು, ಕನ್ನಡಿ, ದೀಪ ಕೊಳ್ಳುವ ಮೊದಲೇ ಓದಿ ಮುಗಿಸಿ. ಫೇಲಾದರೆ ಪ್ರಪಂಚ ಮುಳುಗುವುದಿಲ್ಲ, ಪಟ್ಟಿ ಕೊಡುತ್ತಾರೆ, ಸರಿಮಾಡಿ ಮತ್ತೆ ಹೋಗಬಹುದು.

ನಂಬರ್ ಇಲ್ದೆ ಟೆಸ್ಟಿಗೆ ಹೇಗೆ ಹೋಗೋದು?

ಮೊದಲೇ ಬುಕ್ ಮಾಡಿದ ಪರೀಕ್ಷೆಗೆ, ಇನ್ಶೂರೆನ್ಸ್ ಇದ್ದರೆ, ಓಡಿಸಿಕೊಂಡು ಹೋಗಬಹುದು. ಆದರೆ ಟ್ರೇಲರ್ ಮೇಲೆ ಒಯ್ಯುವುದೇ ವಾಸಿ. ಒಮ್ಮೆಯೂ ರಸ್ತೆಯಲ್ಲಿ ಓಡದ ಕಾರನ್ನು ಮೊದಲ ಸಲ ಅಷ್ಟು ದೂರ ಯಾಕೆ ನಂಬಬೇಕು?

ಕ್ಯೂ ಪ್ಲೇಟ್ ಬಂದ್ರೆ ಮರ್ಯಾದೆ ಹೋಗುತ್ತಾ?

ಕಾರಿನ ವಯಸ್ಸು ಗೊತ್ತಿಲ್ಲ ಅಂತ ತೋರಿಸುವ, ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್ ಅದು. ಮರ್ಯಾದೆ ಹೋಗುವುದಿಲ್ಲ, ಮಾರುವಾಗ ಬೆಲೆ ಸ್ವಲ್ಪ ಹೋಗುತ್ತದೆ. ಎಲ್ಲ ಭಾಗ ಹೊಸದಾಗಿದ್ದರೆ ವಾಹನ ನೋಂದಣಿ ಇಲಾಖೆ ಡಿವಿಎಲ್‌ಎ ಹೊಸ ನಂಬರ್ ಕೊಡುತ್ತದೆ, ಒಂದು ಭಾಗ ಮಾತ್ರ ರೀಕಂಡೀಷನ್ ಆಗಿದ್ದರೂ ಪುರಾವೆ ಇದ್ದರೆ ನಡೆಯುತ್ತದೆ. ಹೊಸ ಕಿಟ್ ಚಾಸಿಯ ಜೊತೆ ಒಂದೇ ಡೋನರಿನ ಎರಡು ಮುಖ್ಯ ಭಾಗ ಇದ್ದರೆ ಆ ಡೋನರಿನ ವಯಸ್ಸಿಗೆ ತಕ್ಕ ನಂಬರ್. ಅಲ್ಲಿಂದಿಲ್ಲಿಂದ ತಂದ ಭಾಗ, ಮೂಲ ಗೊತ್ತಿಲ್ಲದ್ದು ಅಂದರೆ ಕ್ಯೂ. ಇಡೀ ಡೋನರ್ ಕಾಗದ ಸಮೇತ ತಗೊಳ್ಳಿ ಅಂತ ಮೇಲೆ ಬಡಿದುಕೊಂಡಿದ್ದು ಇದಕ್ಕೇ. ನಿಯಮ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ದಿನ ಸರ್ಕಾರದ ಪುಟ ಓದಿಯೇ ಹಾಕಿ.

ಇನ್ಶೂರೆನ್ಸ್ ಕೊಡ್ತಾರಾ?

ಕೊಡುತ್ತಾರೆ. ಮಾಮೂಲಿ ಕಂಪನಿಗಳ ಪಟ್ಟಿಯಲ್ಲಿ ನಿಮ್ಮ ಕಾರು ಇರುವುದಿಲ್ಲ, ಕಿಟ್ ಕಾರಿಗೇ ಅಂತ ಇರುವವರಿಗೆ ಫೋನ್ ಮಾಡಿ. ಕಟ್ಟುತ್ತಿರುವಾಗಲೇ ಬೆಂಕಿ, ಕಳವಿಗೆ ಪಾಲಿಸಿ ಮಾಡಿಸಿ. ಮುಗಿದ ಮೇಲೆ ಬೆಲೆಯನ್ನು ಮೊದಲೇ ಒಪ್ಪಿಕೊಂಡ ಪಾಲಿಸಿ ತಗೊಳ್ಳಿ, ಅದಕ್ಕೆ ಫೋಟೊ, ರಸೀದಿ ಕೇಳುತ್ತಾರೆ.

ರೋಡಿಗೆ ಬಂತು, ಆದ್ರೆ ಕಾರು ಅಲೆದಾಡುತ್ತೆ. ಸ್ಪ್ರಿಂಗ್ ಬದಲಾಯಿಸ್ಲಾ?

ದುಡ್ಡು ಖರ್ಚು ಮಾಡುವ ಮೊದಲು ಅಳೆಯಿರಿ. ಮೊದಲು ಟೈರಿನ ಗಾಳಿ. ಡೋನರಿನ ಕೈಪಿಡಿಯಲ್ಲಿರುವ ಒತ್ತಡ ಅದಕ್ಕಿಂತ ಸುಮಾರು ಮುನ್ನೂರು ನಾನೂರು ಕೆಜಿ ಹಗುರವಾದ ನಿಮ್ಮ ಕಾರಿಗೆ ಜಾಸ್ತಿಯಾಗುತ್ತದೆ. ಆಮೇಲೆ ಎರಡೂ ಕಡೆ ದಾರ ಕಟ್ಟಿ ಟೋ ನೋಡಿ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅಂತ. ಗುಂಡಿಗೆ ಬಿದ್ದಾಗ ಮಾತ್ರ ದಿಕ್ಕು ತಪ್ಪುತ್ತಿದ್ದರೆ ಸ್ಟಿಯರಿಂಗ್ ರ‍್ಯಾಕಿನ ಎತ್ತರ ಸರಿ ಇಲ್ಲ, ಚಕ್ರ ಮೇಲೆ ಕೆಳಗೆ ಆಡುವಾಗ ತಾನೇ ತಿರುಗುತ್ತಿದೆ. ಸ್ಪ್ರಿಂಗ್ ತೆಗೆದು ಚಕ್ರವನ್ನು ಜಾಕಿನಲ್ಲಿ ಎತ್ತಿ ಇಳಿಸಿ ಅದನ್ನು ಅಳೆಯಬಹುದು, ರ‍್ಯಾಕಿನ ಕೆಳಗೆ ತೆಳು ಪಟ್ಟಿ ಕೊಟ್ಟು ಸರಿ ಮಾಡಬಹುದು. ಕೊನೆಗೆ ನಾಲ್ಕು ಚಕ್ರದ ಕೆಳಗೆ ನಾಲ್ಕು ತೂಕದ ಯಂತ್ರ ಇಟ್ಟು ಮೂಲೆ ತೂಕ ಹೊಂದಿಸುವುದು. ಆಗ ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕ ಇರಬೇಕು, ಇಷ್ಟು ಹಗುರ ಕಾರಿನಲ್ಲಿ ನೀವೇ ಒಂದು ದೊಡ್ಡ ಬಿಡಿಭಾಗ. ಅಂದ ಹಾಗೆ, ಮೊದಲ ನೂರು ಮೈಲಿ ಆದ ಮೇಲೆ ಒಂದು ಸಲ ಎಲ್ಲ ನಟ್ಟು ಬೋಲ್ಟು ಮುಟ್ಟಿ ನೋಡಲೇಬೇಕು.

## ಬೇರೆ ದೇಶ, ನಮ್ಮ ಊರು

ನಾವು ಕ್ಯಾಲಿಫೋರ್ನಿಯಾದಲ್ಲಿದ್ದೀವಿ. ಇಲ್ಲಿ ಹೇಗೆ?

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ನಿಮ್ಮಲ್ಲಿ ವಿಶೇಷವಾಗಿ ಕಟ್ಟಿದ ವಾಹನಗಳಿಗೆ ಎಸ್‌ಬಿ 100 ಅನ್ನುವ ದಾರಿ ಇದೆ. ಹೊಗೆ ನಿಯಮದಲ್ಲಿ ವಿನಾಯಿತಿ ಸಿಗುತ್ತದೆ, ಆದರೆ ವರ್ಷಕ್ಕೆ 500 ಕಾರಿಗೆ ಮಾತ್ರ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ನಿಮ್ಮ ವಾಹನ ನೋಂದಣಿ ಇಲಾಖೆ ಡಿಎಂವಿಯಲ್ಲಿ ವಿಚಾರಿಸಿ. ಅಲ್ಲಿ ಕೋಬ್ರಾ ಮಾದರಿಗೆ ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ ಹೆಸರುವಾಸಿ.

ಬೆಂಗಳೂರಲ್ಲಿ ಮಾಡಬಹುದಾ? ಜೆ.ಸಿ. ರೋಡಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಎಲ್ಲಾ ಸಿಗುತ್ತಲ್ಲ.

ಕಟ್ಟೋಕೆ ಎಲ್ಲ ಸಿಗುತ್ತದೆ, ನಿಜ. ಫ್ಯಾಬ್ರಿಕೇಷನ್ ಮಾಡುವವರು ಇಲ್ಲಿಗಿಂತ ಅಲ್ಲೇ ಜಾಸ್ತಿ. ಸಿಗದೇ ಇರುವುದು ಆರ್‌ಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ತಾಳೆಯಾಗದ ಹಾಗೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಪೂರ್ತಿ ಹೊಸ ವಾಹನವಾದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಮಾದರಿ ಪರೀಕ್ಷೆ ಆಗಬೇಕು, ಅದು ಕಂಪನಿಗಳಿಗೆ ಅಂತ ಇರುವ ದಾರಿ. ಮನೆಯಲ್ಲಿ ಕಟ್ಟಿದ ಒಂದೇ ಕಾರಿಗೆ ಐವಿಎ ತರಹದ ಸುಲಭದ ಬಾಗಿಲು ಅಲ್ಲಿಲ್ಲ. ಸ್ವಂತ ಜಮೀನಿನಲ್ಲೋ ರೇಸ್ ಟ್ರ್ಯಾಕಿನಲ್ಲೋ ಓಡಿಸುವುದಾದರೆ ಬೇರೆ ಮಾತು.

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಕೇಳಿದರೆ ನಾನು ಹೇಳುವುದು, ವಿದ್ಯಾರ್ಥಿಗಳೇ ಕಾರು ಕಟ್ಟಿ ಪಂದ್ಯಕ್ಕಿಳಿಸುವ ಬಾಹಾ ಅಥವಾ ಫಾರ್ಮುಲಾ ಭಾರತ್ ಸ್ಪರ್ಧೆಯ ಕಾಲೇಜು ತಂಡಕ್ಕೆ ಸೇರಿ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ತಂಡದಂಥವರು ಪೈಪು ಕತ್ತರಿಸುವುದರಿಂದ ಹಿಡಿದು ಎಲ್ಲ ತಾವೇ ಮಾಡುತ್ತಾರೆ. ಉಳಿದವರಿಗೆ, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಹುಡುಕಿ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಈ ಕಾರಿನ ಬ್ರಿಟಿಷ್ ಅವತಾರ ಟ್ರಯಂಫ್ ಹೆರಾಲ್ಡ್ ಇಲ್ಲಿ ಎಷ್ಟೋ ಕಿಟ್ ಕಾರುಗಳಿಗೆ ಡೋನರ್ ಆಗಿತ್ತು. ಕಾರಣ ಅದರ ಚಾಸಿ ಬೇರೆ, ಬಾಡಿ ಬೇರೆ. ಬಾಡಿಯೂ ತುಂಡುತುಂಡಾಗಿ ಬೋಲ್ಟಿನ ಮೇಲೆ ನಿಂತಿದೆ, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬಹುದು. ಮೂಲ ಇಂಜಿನ್, ಮೂಲ ಆಕಾರ ಉಳಿಸಿಕೊಂಡರೆ ಕಾನೂನಿನ ತಕರಾರೂ ಇಲ್ಲ. ಮುಂಗಡ ಕೊಡುವ ಮೊದಲು ಚಾಸಿ ಮೇಲಿನ ನಂಬರನ್ನೂ ಆರ್‌ಸಿಯಲ್ಲಿರುವ ನಂಬರನ್ನೂ ಪಕ್ಕಪಕ್ಕ ಇಟ್ಟು ಓದಿ.